ಉಚಿತ ರೂಮಿನ ಹೆದರಿಕೆ

ಕ್ರೆಡಿಟ್ ಕಾರ್ಡಿನ ವರ್ಷದ ಫೀಸು ಕಟ್ಟುವ ದಿನ ಹತ್ತಿರ ಬಂದಿತ್ತು. ಆ ಕಾರ್ಡಿದ್ದರೆ ವರ್ಷಕ್ಕೊಂದು ರಾತ್ರಿ ದೊಡ್ಡ ಹೋಟೆಲಿನಲ್ಲಿ ರೂಮು ಉಚಿತ. ಇಟ್ಟುಕೊಳ್ಳಬೇಕೋ ಬೇಡವೋ ನೋಡಿಯೇ ಬಿಡೋಣವೆಂದು ತ್ರಾಸಿ ಊರಿನ ಕಡಲ ತೀರದ ಹೋಟೆಲಿಗೆ ಹೋದೆ.

ಕೌಂಟರಿನವಳು ಕಾರ್ಡು ಉಜ್ಜಿಕೊಂಡು, "ರೂಮಿನಲ್ಲಿ ಏನಾದರೂ ಹಾಳಾದರೆ ಇದರಲ್ಲೇ ಕಟ್ ಆಗುತ್ತೆ ಸರ್" ಎಂದು ನಕ್ಕಳು. ಆ ನಗು ನನಗೆ ಗೊತ್ತು. ಬ್ರಹ್ಮಾವರದಲ್ಲಿ ನನ್ನದೂ ಒಂದು ಸಣ್ಣ ಹೋಟೆಲು. ಮೊದಲೇ ಬಿರುಕು ಬಿಟ್ಟಿದ್ದ ಲೋಟಕ್ಕೂ ಕೆಲಸದವರ ಸಂಬಳದಲ್ಲಿ ಮುರಿದುಕೊಂಡವನು ನಾನು.

ಬೆಳಿಗ್ಗೆ ರೂಮು ಗುಡಿಸಲು ಬಂದ ಕೋಡಿ ಊರಿನ ಹೆಂಗಸು ಬಾಗಿಲಲ್ಲೇ ನಿಂತುಬಿಟ್ಟಳು. ಮಂಚದ ಚಾದರದಲ್ಲಿ ಒಂದು ಸುಕ್ಕಿಲ್ಲ. ನೆಲದ ಮೇಲೆ ನಾನು ಹಾಸಿಕೊಂಡಿದ್ದ, ಮೈ ಒರೆಸುವ ಬೈರಾಸು.

"ಹ್ವಾಯ್, ನೆಲ್ದ್ ಮೇಲ್ ಮನಿಕಂಡದ್ದಾ? ಚಾದ್ರ ಗಲೀಜ್ ಇದ್ದಿತ್ತಾ? ಕಂಪ್ಲೇಂಟ್ ಮಾಡ್ಬೇಡಿ ಮರ್ರೆ, ನನ್ ಸಂಬ್ಳ ಕಟ್ ಮಾಡ್ತ್ರ್."

ಅವಳು ಚಾದರದ ಅಂಚು ಎತ್ತಿ ಕಲೆ ಹುಡುಕತೊಡಗಿದಳು.

"ಇಲ್ಲ ಅಕ್ಕ, ನಂಗೂ ಅದೇ ಹೆದ್ರಿಕಿ" ಎಂದೆ.

ಹೊರಗೆ ಬಂದವನೇ ಕಾರ್ಡು ನಿಲ್ಲಿಸಲು ಬ್ಯಾಂಕಿಗೆ ಫೋನು ಮಾಡಿದೆ. "ಮುಂದುವರಿಸಿದರೆ ಈ ಸಲ ಎರಡು ರಾತ್ರಿ ಉಚಿತ ಸರ್" ಎಂದಳು ಆ ಕಡೆಯವಳು.

"ಬೇಡಮ್ಮ, ನೆಲದ ಮೇಲೆ ಮಲಗಲು ನಮ್ಮನೆಯಲ್ಲೇ ಜಾಗವಿದೆ."