ಮಗ್ಗ ನಿಂತ ಹನ್ನೊಂದು ದಿನ

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿವೆ. ನಾನು ಅವನ್ನು ಓಡಿಸುವಾಗ ಪಕ್ಕದಲ್ಲಿದ್ದವರ ಮಾತೂ ಕೇಳಿಸುವುದಿಲ್ಲ. ನಿಂತರೆ ಮಾತ್ರ ಮುಂದಿನ ಕೋಣೆಯಲ್ಲಿ ಸೀರೆ ಮಡಿಸುವ ನನ್ನ ಗಂಡನಿಗೆ ತಕ್ಷಣ ಗೊತ್ತಾಗುತ್ತದೆ. "ಯಾಕೆ ನಿಂತೋಯ್ತು?" ಎಂದು ಕೂಗುತ್ತಾರೆ. ಎಳೆ ಕಡಿದಿದೆ ಎಂದರೆ ಸರಿ, ಇಲ್ಲದಿದ್ದರೆ ಎದ್ದು ಬರುತ್ತಾರೆ. ಒಮ್ಮೆ ಹಾಗೆ ಬಂದಾಗ ನನ್ನ ಕೈಯಲ್ಲಿ ಸಮಾಜ ವಿಜ್ಞಾನದ ಪುಸ್ತಕವಿತ್ತು. ಅದು ನೀರೊಲೆಗೆ ಹೋಯಿತು.

ತವರಿನಲ್ಲಿ ಊಟಕ್ಕೇ ಕಷ್ಟವಾಗಿ ಒಂಬತ್ತನೆಯ ತರಗತಿಗೆ ನನ್ನ ಶಾಲೆ ಬಿಡಿಸಿದ್ದರು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಗಂಡನಿಗೆ ಹೇಳದೆ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಖಾಸಗಿಯಾಗಿ ಅರ್ಜಿ ಹಾಕಿದೆ. ಪಾಸಾದರೆ ಅಂಗನವಾಡಿ ಸಹಾಯಕಿಯ ಕೆಲಸ ಕೇಳಬಹುದಿತ್ತು. ನನ್ನದು ಅಂತ ಒಂದು ಸಂಬಳ.

ಅತ್ತೆಗೂ ನನಗೂ ಯಾವತ್ತೂ ಹೊಂದಿಕೆಯಾದದ್ದಿಲ್ಲ. ಹಾಲ್ ಟಿಕೆಟ್ ಅವರ ಕೈಗೆ ಸಿಕ್ಕಾಗ ಎಲ್ಲ ಮುಗಿಯಿತು ಅಂದುಕೊಂಡೆ. ಅವರು ಅದನ್ನು ಮಡಿಸಿ ತಮ್ಮ ಎಲೆಅಡಿಕೆ ಚೀಲದೊಳಗೆ ಇಟ್ಟರು.

"ಏನಮ್ಮಾ ತಸೀಲ್ದಾರಮ್ಮ, ಆರು ದಿನ ಹೆಂಗೆ ಹೋಗ್ತೀಯಾ?"

ಅವರೇ ಮಗ ಕೂತಿದ್ದ ಮುಂದಿನ ಕೋಣೆಯ ಕಡೆ ಒಮ್ಮೆ ನೋಡಿ ನನ್ನ ಹತ್ತಿರ ಬಂದರು.

"ಮಗ್ಗ ನಾನು ನೋಡ್ಕೋತೀನಿ. ನೀನು ಹಿತ್ತಲಿಂದ ಹೋಗು. ಸದ್ದು ನಿಲ್ಲದಿದ್ರೆ ಅವ್ನು ಒಳಗ್ ಬರಲ್ಲ ಕಣೆ."

ಪರೀಕ್ಷೆಗೆ ಮೂರು ದಿನ ಇರುವಾಗ, ಮಗ್ಗದ ಪಕ್ಕದಲ್ಲಿ ಎದೆ ಹಿಡಿದು ಕೂತ ಅತ್ತೆ ಮತ್ತೆ ಏಳಲಿಲ್ಲ.

ಸೂತಕಕ್ಕೆ ಮಗ್ಗಗಳು ನಿಂತವು. ಅಕ್ಕಪಕ್ಕದ ಮನೆಗಳೂ ದಾಯಾದಿಗಳವೇ, ಅಲ್ಲೂ ನಿಂತವು. ಹಿತ್ತಲ ತುಂಬ ನೆಂಟರು. ಪರೀಕ್ಷೆಯ ಹಿಂದಿನ ದಿನ ಗಂಡನನ್ನು ಕೇಳಿಯೇಬಿಟ್ಟೆ.

"ಅಮ್ಮ ಹೋಗಿ ಮೂರು ದಿನ ಆಗಿಲ್ಲ. ಸೊಸೆ ಪರೀಕ್ಷೆ ಅಂತ ಬೀದಿಗಿಳಿದ್ರೆ ಜನ ಏನಂತಾರೆ?"

ಈ ಸಲ ಅವರು ಕೂಗಲಿಲ್ಲ. ಅತ್ತು ಅತ್ತು ಕಣ್ಣು ಊದಿದ್ದವು. ಅತ್ತೆಯೂ ಒಪ್ಪಿದ್ದರು ಎನ್ನಲು ನನಗೆ ಬಾಯಿ ಬರಲಿಲ್ಲ. ಸತ್ತವರ ಮೇಲೆ ಚಾಡಿ ಹೇಳಿದಂತಾಗುತ್ತಿತ್ತು.

ಮರುದಿನ ಬೆಳಗ್ಗೆ ಅಕ್ಕಿ ಆರಿಸುತ್ತಿದ್ದಾಗ ಎರಡು ಬೀದಿ ಆಚೆಯ ಶಾಲೆಯ ಗಂಟೆ ಕೇಳಿಸಿತು. ನಾನು ಪರೀಕ್ಷೆ ಬರೆಯಬೇಕಿದ್ದ ಶಾಲೆ. ಅದರ ಗಂಟೆ ನಮ್ಮ ಮನೆಯವರೆಗೆ ಬರುತ್ತದೆಂದು ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ. ಸೂತಕದೊಳಗೆ ಇನ್ನೂ ಮೂರು ಪರೀಕ್ಷೆಗಳ ಗಂಟೆ ಕೇಳಿದೆ.

ಹನ್ನೆರಡನೆಯ ದಿನ ಗಂಡ ಮಗ್ಗಗಳ ಸ್ವಿಚ್ ಹಾಕಿದರು. ಅತ್ತೆಯ ಎಲೆಅಡಿಕೆ ಚೀಲ ಇನ್ನೂ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಉಳಿದ ಎರಡು ಪರೀಕ್ಷೆಗಳ ದಿನವೂ ಗಂಟೆ ಹೊಡೆದಿರಬೇಕು. ನನಗೆ ಕೇಳಿಸಲಿಲ್ಲ.