ತಾತನ ಕಾರಿಗೆ ಎರಡನೇ ಬ್ರೇಕ್ ದೀಪ

ಹಾಸನದ ಸಿಗ್ನಲ್‌ನಲ್ಲಿ ಇವತ್ತು ಮುಂದಿದ್ದ ಕಾರಿನ ಹಿಂಗಾಜಿನೊಳಗೆ ಬ್ರೇಕ್ ದೀಪ ಕೆಂಪಗೆ ಹೊತ್ತಿಕೊಂಡಿತು. ಹೊಳೆನರಸೀಪುರದ ನಮ್ಮ ತಾತನ ಕಾರು ನೆನಪಾಯಿತು.

ಬ್ರಿಟಿಷರ ಕಾಲದ ಆ ಕಾರಿನ ಹಿಂದೆ ಇದ್ದದ್ದು ನಿಂಬೆಹಣ್ಣಿನ ಗಾತ್ರದ ಒಂದೇ ಬ್ರೇಕ್ ದೀಪ. ನಿಲ್ಲಿಸುವಾಗ ತಾತ ಕಿಟಕಿಯಿಂದ ಕೈ ಚಾಚಿ ತೋರಿಸುತ್ತಿದ್ದರು. ಅಜ್ಜಿ ಮಾತ್ರ ನಮ್ಮ ಜೊತೆ ಹಿಂದಿನ ಸೀಟಿನಲ್ಲಿ ಕುಳಿತು, ಹಿಂದೆ ಬರುವ ಲಾರಿಗಳನ್ನೇ ತಿರುಗಿ ತಿರುಗಿ ನೋಡುತ್ತಿದ್ದರು. ಗೊರೂರು ರಸ್ತೆಯಲ್ಲಿ ಒಂದು ಬಸ್ಸು ನಮ್ಮ ಹಿಂದೆ ಗೇಣು ದೂರದಲ್ಲಿ ಬಂದು ನಿಂತ ದಿನ ಹೇಳಿಯೇಬಿಟ್ಟರು: "ಇನ್ನೊಂದು ದೀಪ ಹಾಕ್ಸೋ ತನಕ ನಾನು ಈ ಕಾರು ಹತ್ತಲ್ಲ. ರುದ್ರಪಟ್ಟಣಕ್ಕೆ ಸಂಗೀತ ಕೇಳಕ್ಕೆ ಬಸ್ಸಲ್ಲೇ ಹೋಗ್ತೀನಿ."

"ಈ ಕಾರಿಗೆ ತೂತು ಕೊರೆಸೋದಾ? ಅದರ ಬದ್ಲು ನನ್ನ ತಲೆಗೇ ಕೊರೆಸು!"

"ಅದಕ್ಕೆ ಡ್ರಿಲ್ಲು ಇಳಿಯಲ್ಲ ಬಿಡಿ."

ಸಂಗೀತೋತ್ಸವದ ಹಿಂದಿನ ದಿನ ತಾತ ತಾವಾಗಿಯೇ ಮೆಕ್ಯಾನಿಕ್‌ನನ್ನು ಕರೆಸಿದರು. "ತೂತ್ಯಾಕ್ ಸಾ? ಗಾಜಿನ ಒಳಗ್ಡೇಲೇ ಕೂರಿಸ್ಬುಡ್ತೀನಿ," ಎಂದ ಅವನು, ಸ್ಕೂಟರಿನ ದೀಪವೊಂದನ್ನು ಹಿಂಗಾಜಿನ ಒಳಬದಿಗೆ ಕೂರಿಸಿ ತಂತಿ ಜೋಡಿಸಿದ.

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಕಾರಿನ ಹಿಂದೆ ನಿಂತರು.

"ಉರೀತೇನೇ?" ಒಳಗಿನಿಂದ ತಾತ ಕೂಗಿದರು.

"ಉರೀತು. ಇನ್ನೊಂದ್ಸಲ ತುಳೀರಿ."

ತುಳಿದರು.

"ಇನ್ನೊಂದ್ಸಲ."

"ಕಾಲು ನೋಯುತ್ತೆ ಕಣೇ!"

ಮರುದಿನ ಅಜ್ಜಿ ಕಾರು ಹತ್ತಿದರು. ಅರಕಲಗೂಡು ಬರುವ ಮೊದಲೇ ಗೊರಕೆ ಕೇಳಿಸಿತು. ತಾತ ಕನ್ನಡಿಯಲ್ಲಿ ನೋಡಿ, "ಮಾತಾಡಬೇಡಿ, ಮಲಗ್ಲಿ," ಎಂದು ನಮಗೆ ಮೆಲ್ಲಗೆ ಹೇಳಿದರು.

ಈಗಿನ ಕಾರುಗಳಿಗೆ ಆ ದೀಪ ಕಂಪನಿಯಿಂದಲೇ ಬರುತ್ತದೆ. ಅದಕ್ಕಾಗಿ ಮನೆಯಲ್ಲಿ ಯಾರೂ ಹಠ ಹಿಡಿಯಬೇಕಾಗಿಲ್ಲ.