ವಿಲಾಸಿನಿ ಚೇಚಿಯ ಉಗುರು

ಬೆಳಕು ಹರಿಯುವ ಮೊದಲೇ ವಿಲಾಸಿನಿ ಚೇಚಿ ಶೆಡ್ಡಿನ ಬೀಗ ತೆಗೆಯುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನೂ ಊರವರಂತೆ ಅವರನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತೇನೆ. ಕಾಗದದ ಲೋಟವೊಂದನ್ನು ಎತ್ತಿಕೊಂಡು, ನಿನ್ನೆ ದೋಣಿಯ ಹುಟ್ಟಿಗೆ ಹಾಕಿ ತಳದಲ್ಲಿ ಉಳಿದ ಅಂಟಿಗೆ ಹೆಬ್ಬೆರಳಿನ ಉಗುರು ಒತ್ತುತ್ತಾರೆ. ಗುರುತು ಮೂಡುತ್ತದೆ. ಚೇಚಿಯ ಕಣ್ಣು ನೆಟ್ಟಗೆ ಗಂಡನ ಮೇಲೆ ಹೋಗುತ್ತದೆ.

"ಚೇಟಾ, ನಿನ್ನೆ ಕಲಸುವಾಗ ತೂಕ ಮಾಡಿದ್ರಾ?"

"ಮಾಡಿದೆ ಕಣೇ. ಮಳೆ ಥಂಡಿಗೆ ಗಟ್ಟಿಯಾಗಿಲ್ಲ, ಅಷ್ಟೆ," ಎನ್ನುತ್ತಾರೆ ಶಶಿಧರನ್, ಬೀಡಿ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿ.

ಆಲಪ್ಪುಳದಲ್ಲಿ ದೋಣಿ ಸ್ಪರ್ಧೆಗಿಳಿಯುವ ಹುಡುಗಿಯರ ಕಾರ್ಬನ್ ಫೈಬರ್ ಹುಟ್ಟುಗಳು ಬಿರುಕು ಬಿಟ್ಟರೆ ಬರುವುದು ಇಲ್ಲಿಗೇ. ಬಿರುಕಿಗೆ ಕರಿಯ ನಾರಿನ ಬಟ್ಟೆ ಸುತ್ತಿ, ಎಪಾಕ್ಸಿ ಎಂಬ ಅಂಟು ಕುಡಿಸಿ, ರಾತ್ರಿಯಿಡೀ ಬಿಟ್ಟು, ಆಮೇಲೆ ಬಲ್ಬು ಉರಿಯುವ ಪೆಟ್ಟಿಗೆಯಲ್ಲಿ ನಿಧಾನವಾಗಿ ಕಾಯಿಸಬೇಕು. ಗೆದ್ದವರ ಫೋಟೊದಲ್ಲಿ ಚೇಚಿ ಇರುವುದಿಲ್ಲ. ಬಲು ಅನುಮಾನದ ಹೆಂಗಸು ಎಂಬ ಹೆಸರಷ್ಟೇ ಊರ ತುಂಬ ಇದೆ. ಅದರಲ್ಲಿ ಸುಳ್ಳೇನಿಲ್ಲ, ಒಂದು ತಕ್ಕಡಿಯನ್ನು ನಂಬದೆ ಎರಡು ಇಟ್ಟುಕೊಂಡಿದ್ದಾರೆ.

ಗಂಡನನ್ನು ನಂಬುವ ಮಾತಂತೂ ಕೇಳಲೇಬೇಡಿ. ಶಶಿಧರನ್ ಮೊದಲು ಮೀನುದೋಣಿ ಕಟ್ಟುತ್ತಿದ್ದವರು. ಆ ದೋಣಿಗಳಿಗೆ ಬಳಸುವ ಅಂಟಾದ ರೆಸಿನ್‌ಗೆ ಹಾರ್ಡನರ್, ಅಂದರೆ ಗಟ್ಟಿಯಾಗಿಸುವ ದ್ರವ, ಒಂದು ಚೂರು ಹೆಚ್ಚು ಬಿದ್ದರೆ ಬೇಗ ಗಟ್ಟಿಯಾಗುತ್ತದೆ. ಎಪಾಕ್ಸಿಯ ಸ್ವಭಾವವೇ ಬೇರೆ. ಅಳತೆ ತಪ್ಪಿದರೆ ಎಷ್ಟು ಕಾಯಿಸಿದರೂ ಒಳಗೆ ಮೆತ್ತಗೇ ಉಳಿಯುತ್ತದೆ.

ತಪ್ಪು ಥಂಡಿಯದೋ ಗಂಡನದೋ ತಿಳಿಯಲು ಚೇಚಿ ಲೋಟವನ್ನು ಮಾತ್ರ ಪೆಟ್ಟಿಗೆಯಲ್ಲಿಡುತ್ತಾರೆ. ಥಂಡಿಯದಾದರೆ ಕಾಯಿಸಿದ ಮೇಲೆ ಗಟ್ಟಿಯಾಗಲೇಬೇಕು. ಅಷ್ಟರಲ್ಲಿ ಹುಟ್ಟಿನ ಒಡತಿ ಜಿನ್ಸಿ ಬರುತ್ತಾಳೆ. ಇವತ್ತು ರಾಜ್ಯ ತಂಡದ ಆಯ್ಕೆ. ಅವಳು ಹುಟ್ಟಿನ ಮೇಲೆ ಬೆರಳಿನಿಂದ ಕುಟ್ಟುತ್ತಾಳೆ.

"ಗಟ್ಟಿಯಾಗಿದೆಯಲ್ಲ ಚೇಚಿ. ಕೊಡಿ, ಹೊತ್ತಾಯ್ತು."

"ಲೋಟ ಹೊರಗೆ ಬರಲಿ."

ಲೋಟ ಬರುತ್ತದೆ. ಬಿಸಿ ಆರುತ್ತದೆ. ಉಗುರು ಒತ್ತಿದರೆ ಮತ್ತೆ ಗುರುತು.

"ಕೊಡಲ್ಲ ಮೋಳೇ. ಬೇರೆ ಯಾರದಾದ್ರೂ ಕೇಳಿ ತಗೋ."

"ಅಭ್ಯಾಸ ಇಲ್ಲದ ಹುಟ್ಟು ಹಿಡಿದರೆ ಸೋಲ್ತೀನಿ ಅಂತ ನಿಮಗೂ ಗೊತ್ತು. ನನ್ನ ಎದುರಾಳಿಗಳು ಏನಾದ್ರೂ ದುಡ್ಡು ಕೊಟ್ಟಿದ್ದಾರಾ ನಿಮಗೆ?"

ಹುಡುಗಿ ಕಣ್ಣೊರೆಸಿಕೊಂಡು ಸೈಕಲ್ಲು ಹತ್ತುತ್ತಾಳೆ. ನಿಜ ಹೇಳಬೇಕೆಂದರೆ, ಆ ಕ್ಷಣ ನನಗೂ ಚೇಚಿಯ ಮೇಲೆ ಅನುಮಾನವೇ ಬಂತು. ಒಂದು ಲೋಟದ ಮಾತು ಕೇಳಿ ಹುಡುಗಿಯ ವರ್ಷವನ್ನೇ ಹಾಳು ಮಾಡುವುದೇ?

ಚೇಚಿ ಹುಟ್ಟನ್ನು ಎರಡು ಸ್ಟೂಲಿನ ನಡುವೆ ಅಡ್ಡ ಇಟ್ಟು ಅದರ ಮೇಲೆ ಮೊಣಕಾಲು ಊರುತ್ತಾರೆ. ಬೆಸುಗೆಯ ಜಾಗದಲ್ಲಿ ಅದು ನೆನೆದ ರಟ್ಟಿನ ಹಾಗೆ ಬಾಗಿಬಿಡುತ್ತದೆ. ಸದ್ದೂ ಬರುವುದಿಲ್ಲ. ನನಗೆ ನಾಚಿಕೆಯಾಗುತ್ತದೆ.

"ಒಂದು ಚೂರು ಜಾಸ್ತಿ ಹಾಕಿದೆ," ಎನ್ನುತ್ತಾರೆ ಶಶಿಧರನ್. "ಹುಡುಗಿಗೆ ಬೇಗ ಸಿಗಲಿ ಅಂತ."

"ಗೊತ್ತು. ಆ ಚಾಕು ಕೊಡಿ."

ಹಾಳಾದ ಪದರವನ್ನು ಕೆರೆಯಲು ಕೂತ ಚೇಚಿಯನ್ನು, ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ. ಅವರು ತಲೆ ಎತ್ತುವುದಿಲ್ಲ.

"ನನ್ನ ಬಗ್ಗೆ ಬರೆಯೋಕೇನಿದೆ? ಅವಳು ಗೆದ್ದು ಬಂದು ಇಲ್ಲೇ ನಿಂತು ಬಾಯ್ತುಂಬ ಬೈಲಿ. ಅಷ್ಟಾದ್ರೆ ಸಾಕು."